ಎದೆಯ ಫೋಟೋಗೆ ಎಷ್ಟು ದುಡ್ಡು?



ನಿಮ್ಮಲ್ಲಿ ಯಾರಾದರೂ ಎಕ್ಸ್-ರೇ ತೆಗೆಸಿದ್ದೀರಾ? ಕೈ ಮುರಿದಾಗ ತೆಗೆಸಿರಬಹುದು. ಕೆಮ್ಮು ಬಂದಾಗ ತೆಗೆಸಿರಬಹುದು. ನಮ್ಮ ಕಡೆ ಇದನ್ನು "ಫೋಟೋ ತೆಗೆಸೋದು" ಅಂತಲೂ ಅನ್ನುತ್ತಾರೆ.

ತೆಗೆಸಿದವರಿಗೆ ನಾಲ್ಕು ಪ್ರಶ್ನೆ.

ಎಷ್ಟು ದುಡ್ಡು ಕೊಟ್ಟಿರಿ?
ಅಷ್ಟು ಯಾತಕ್ಕೆ ಆಯಿತು?
ರಸೀದಿ ತೆಗೆದುಕೊಂಡಿರಾ?
ಆ ಫೋಟೋ ಈಗ ಎಲ್ಲಿದೆ?

ಮೊದಲ ಪ್ರಶ್ನೆಗೆ ಎಲ್ಲರೂ ಉತ್ತರ ಹೇಳುತ್ತಾರೆ. ದುಡ್ಡು ಕೊಟ್ಟದ್ದು ಯಾರಿಗೂ ಮರೆಯುವುದಿಲ್ಲ. ಉಳಿದ ಮೂರಕ್ಕೆ ಉತ್ತರ ಹೇಳುವವರು ಕಡಿಮೆ. ಈ ಪಾಠ ಆ ಮೂರು ಪ್ರಶ್ನೆಗಳಿಗಾಗಿ.

ಅಕ್ಕಿ ಡಬ್ಬದೊಳಗಿನ ಚೀಟಿ

ತುಮಕೂರು ಕಡೆಯ ಒಂದು ಹಳ್ಳಿ. ಅಲ್ಲಿ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಕೂಲಿ ಮಾಡಿ ಬದುಕುವವರು. 2025ರ ಮಳೆಗಾಲದಲ್ಲಿ ಅವರಿಗೆ ಕೆಮ್ಮು ಶುರುವಾಯಿತು.

ಮೊದಲ ವಾರ ಮೆಣಸಿನ ಕಷಾಯ ಕುಡಿದರು. ಎರಡನೆಯ ವಾರ ಮೆಡಿಕಲ್ ಸ್ಟೋರಿನಿಂದ ಸಿರಪ್ ತಂದರು. ಮೂರನೆಯ ವಾರ ಸಂಜೆ ಹೊತ್ತು ಜ್ವರ ಬರತೊಡಗಿತು. ಪೇಟೆಯ ಕ್ಲಿನಿಕ್ಕಿಗೆ ಹೋದರು. ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು.

"ಎದೆಯ ಎಕ್ಸ್-ರೇ ತೆಗೆಸಿಕೊಂಡು ಬಾಮ್ಮ" ಅಂದರು.

ಅಕ್ಕ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಮನೆಗೆ ಬಂದರು. ಚೀಟಿಯನ್ನು ಅಕ್ಕಿ ಡಬ್ಬದೊಳಗೆ ಹಾಕಿ ಮುಚ್ಚಿದರು. ನಾಲ್ಕು ವಾರ ಅದು ಅಲ್ಲೇ ಇತ್ತು. ಕೆಮ್ಮೂ ಹಾಗೇ ಇತ್ತು.

ಒಂದು ಸಂಜೆ ಕೇಂದ್ರದಲ್ಲಿ ಓದುವಾಗ ಕೆಮ್ಮು ತಡೆಯಲಾಗಲಿಲ್ಲ. ಪಾಠ ಹೇಳುವ ಹುಡುಗಿ ಪುಸ್ತಕ ಮುಚ್ಚಿದಳು.

"ಯಾಕಕ್ಕ, ಡಾಕ್ಟರಿಗೆ ತೋರಿಸಲಿಲ್ವಾ?"

"ತೋರಿಸ್ದೆ ಕಣವ್ವ. ಫೋಟೋ ತೆಗೆಸು ಅಂದ್ರು."

"ಮತ್ತೆ ತೆಗೆಸಲಿಲ್ವಾ?"

"ದುಡ್ಡು ಎಲ್ಲಿಂದ ತರ್ಲಿ? ಅತ್ತೆ ಮಂಡಿಗೆ ತೆಗೆಸಿದಾಗ ಏನಾಯ್ತು ಅಂತ ನಂಗೆ ಗೊತ್ತಿಲ್ವಾ?"

ಅತ್ತೆಯ ಮಂಡಿ

ಏನಾಗಿತ್ತು? ಎರಡು ವರ್ಷದ ಹಿಂದೆ ಅತ್ತೆಗೆ ಎರಡೂ ಮಂಡಿ ನೋವು. ಪೇಟೆಯ ಒಂದು ಎಕ್ಸ್-ರೇ ಸೆಂಟರಿನಲ್ಲಿ ಫೋಟೋ ತೆಗೆಸಿದರು. "1,200 ಕೊಡಿ" ಅಂದರು. ಕೊಟ್ಟರು. ಯಾಕೆ ಅಷ್ಟು ಎಂದು ಕೇಳಲಿಲ್ಲ. ಸೆಂಟರಿನವರು ಹೇಳಲಿಲ್ಲ. ರಸೀದಿಯನ್ನೂ ಕೊಡಲಿಲ್ಲ.

ಫೋಟೋವನ್ನು ಮನೆಗೆ ತಂದು ಅಟ್ಟದ ಮೇಲೆ ಇಟ್ಟರು. ಮಳೆಗಾಲದಲ್ಲಿ ಹೆಂಚು ಸೋರಿತು. ಫೋಟೋ ನೆನೆದು ಅಂಟಿಕೊಂಡಿತು. ಆರು ತಿಂಗಳ ನಂತರ ನೋವು ಹೆಚ್ಚಾಯಿತು. ಬೇರೆ ಡಾಕ್ಟರ ಹತ್ತಿರ ಹೋದರು. ಅವರು "ಹಳೆಯ ಫೋಟೋ ಎಲ್ಲಿ?" ಎಂದರು. ಇರಲಿಲ್ಲ. ಮತ್ತೆ ತೆಗೆಸಿದರು. ಮತ್ತೆ 1,200.

ಒಟ್ಟು 2,400 ರೂಪಾಯಿ. ಅದರಲ್ಲಿ 2,000 ಸಂಘದ ಸಾಲ. ತಿಂಗಳಿಗೆ 200ರಂತೆ ತೀರಿಸಲು ಹತ್ತು ತಿಂಗಳು ಬೇಕಾಯಿತು. ಬಡ್ಡಿ ಬೇರೆ.

ಹಾಗಾಗಿ ಎಕ್ಸ್-ರೇ ಅಂದರೆ ಅಕ್ಕನ ಕಣ್ಣ ಮುಂದೆ ಬಂದದ್ದು 1,200 ರೂಪಾಯಿ. ತನ್ನ ಚೀಟಿಗೂ ಅಷ್ಟೇ ಆಗುತ್ತದೆ ಎಂದುಕೊಂಡರು. ಆದರೆ ಎದೆಯ ಫೋಟೋ ಬೇರೆ, ಮಂಡಿಯ ಫೋಟೋ ಬೇರೆ. ಅದು ಅವರಿಗೆ ಗೊತ್ತಿರಲಿಲ್ಲ. ಅದನ್ನು ಈಗ ತಿಳಿಯೋಣ.

ಎಕ್ಸ್-ರೇ ಅಂದರೆ ಏನು?

ನಾವು ದೀಪದ ಮುಂದೆ ಕೈ ಹಿಡಿದರೆ ಗೋಡೆಯ ಮೇಲೆ ನೆರಳು ಬೀಳುತ್ತದೆ. ದೀಪದ ಬೆಳಕು ಕೈಯನ್ನು ದಾಟಿ ಹೋಗುವುದಿಲ್ಲ. ಎಕ್ಸ್-ರೇ ಕೂಡ ಒಂದು ಬಗೆಯ ಕಿರಣ. ಕಣ್ಣಿಗೆ ಕಾಣುವುದಿಲ್ಲ. ಮೈಗೆ ತಾಗಿದ್ದೂ ಗೊತ್ತಾಗುವುದಿಲ್ಲ. ಆದರೆ ಅದು ಚರ್ಮ, ಮಾಂಸಗಳನ್ನು ದಾಟಿ ಹೋಗುತ್ತದೆ. ಮೂಳೆಯನ್ನು ಅಷ್ಟು ಸುಲಭವಾಗಿ ದಾಟುವುದಿಲ್ಲ. ಆದ್ದರಿಂದ ಫೋಟೋದಲ್ಲಿ ಮೂಳೆ ಬೆಳ್ಳಗೆ ಕಾಣುತ್ತದೆ. ಗಾಳಿ ತುಂಬಿದ ಶ್ವಾಸಕೋಶ ಕಪ್ಪಗೆ ಕಾಣುತ್ತದೆ. ಕಪ್ಪಗಿರಬೇಕಾದ ಕಡೆ ಬಿಳಿ ಮಚ್ಚೆ ಇದ್ದರೆ ಡಾಕ್ಟರಿಗೆ ಅನುಮಾನ ಬರುತ್ತದೆ.

ಈ ಕಿರಣವನ್ನು ಕಂಡುಹಿಡಿದವರು ಜರ್ಮನಿ ದೇಶದ ವಿಜ್ಞಾನಿ ರಾಂಟ್‌ಜನ್. ವರ್ಷ 1895. ಆ ವರ್ಷದ ಡಿಸೆಂಬರಿನಲ್ಲಿ ಅವರು ತಮ್ಮ ಹೆಂಡತಿಯ ಕೈಯ ಫೋಟೋ ತೆಗೆದರು. ಬೆರಳಿನ ಮೂಳೆಗಳು ಕಂಡವು. ಬೆರಳಲ್ಲಿದ್ದ ಉಂಗುರವೂ ಕಂಡಿತು. ಹೆಸರಾದ ಮೊದಲ ಎಕ್ಸ್-ರೇ ಫೋಟೋ ಒಬ್ಬ ಹೆಂಗಸಿನ ಕೈಯದು!

1901ರಲ್ಲಿ ರಾಂಟ್‌ಜನ್ ಅವರಿಗೆ ನೊಬೆಲ್ ಬಹುಮಾನ ಬಂತು. ಆ ಹಣವನ್ನು ಅವರು ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ಈ ಕಿರಣದ ಮೇಲೆ ಅವರು ಹಕ್ಕುಪತ್ರವನ್ನೂ ಪಡೆಯಲಿಲ್ಲ. "ಇದು ನನ್ನದು, ಬಳಸುವವರು ನನಗೆ ದುಡ್ಡು ಕೊಡಿ" ಅನ್ನಲಿಲ್ಲ. ಎಲ್ಲರಿಗೂ ಉಪಯೋಗವಾಗಲಿ ಎಂದು ಬಿಟ್ಟರು.

ಹಾಗಾದರೆ ನಾವು ದುಡ್ಡು ಕೊಡುವುದು ಯಾತಕ್ಕೆ?

ನಾವು ಕೊಡುವ ದುಡ್ಡು ಎಲ್ಲೆಲ್ಲಿಗೆ ಹೋಗುತ್ತದೆ?

ಹಿಟ್ಟಿನ ಗಿರಣಿಯನ್ನು ನೆನೆಯಿರಿ. ಗಿರಣಿಯವನು ಸೇರಿಗೆ ಇಷ್ಟು ಅಂತ ತೆಗೆದುಕೊಳ್ಳುತ್ತಾನೆ. ಅದರಲ್ಲಿ ಯಂತ್ರದ ಸಾಲ ಇದೆ. ಕರೆಂಟು ಬಿಲ್ಲು ಇದೆ. ಅಂಗಡಿ ಬಾಡಿಗೆ ಇದೆ. ಅವನ ದುಡಿಮೆ ಇದೆ. ಲಾಭವೂ ಇದೆ.

ಎಕ್ಸ್-ರೇಯೂ ಹಾಗೆಯೇ. ಯಂತ್ರಕ್ಕೆ ಲಕ್ಷಗಟ್ಟಲೆ ಹಣ ಬೇಕು. ಕರೆಂಟು ಬೇಕು. ಫೋಟೋ ತೆಗೆಯುವ ಟೆಕ್ನಿಷಿಯನ್ ಬೇಕು. ಫೋಟೋ ನೋಡಿ ವರದಿ ಬರೆಯುವ ಡಾಕ್ಟರು ಬೇಕು. ಕಿರಣ ಹೊರಗೆ ಹೋಗದಂತೆ ಕೋಣೆ ಕಟ್ಟಬೇಕು. ಯಂತ್ರ ಇಡಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಬೇಕು.

ಫಿಲ್ಮಿಗೂ ಖರ್ಚಿದೆ. ಹಿಂದೆ ಫಿಲ್ಮನ್ನು ಕತ್ತಲೆ ಕೋಣೆಯಲ್ಲಿ ರಾಸಾಯನಿಕದ ತೊಟ್ಟಿಯಲ್ಲಿ ತೊಳೆಯುತ್ತಿದ್ದರು. ಆ ಫಿಲ್ಮಿನಲ್ಲಿ ಬೆಳ್ಳಿಯ ಅಂಶ ಇರುತ್ತದೆ. ಈಗ ಹೆಚ್ಚಿನ ಕಡೆ ಫೋಟೋ ಮೊದಲು ಕಂಪ್ಯೂಟರಿನಲ್ಲಿ ಮೂಡುತ್ತದೆ. ಆಮೇಲೆ ಫಿಲ್ಮಿಗೆ ಹಾಕಿ ಕೊಡುತ್ತಾರೆ. ಕೆಲವು ಕಡೆ ಮೊಬೈಲಿಗೂ ಕಳಿಸುತ್ತಾರೆ.

ಒಬ್ಬರಿಗೆ 400, ಇನ್ನೊಬ್ಬರಿಗೆ 1,200. ಯಾಕೆ?

ಈಗ ಅತ್ತೆಯ ಮಂಡಿಯ ಲೆಕ್ಕ ಬಿಡಿಸೋಣ.

ಮಂಡಿಯನ್ನು ಮುಂದಿನಿಂದ ಒಂದು ಸಲ, ಪಕ್ಕದಿಂದ ಒಂದು ಸಲ ತೆಗೆಯುತ್ತಾರೆ. ಹೀಗೆ ತೆಗೆಯುವ ಒಂದೊಂದಕ್ಕೂ "ವ್ಯೂ" ಅನ್ನುತ್ತಾರೆ. ವ್ಯೂ ಅಂದರೆ ನೋಟ. ಒಂದು ಮಂಡಿಗೆ ಎರಡು ನೋಟ. ಎರಡು ಮಂಡಿಗೆ ನಾಲ್ಕು ನೋಟ. ಆ ಸೆಂಟರಿನಲ್ಲಿ ಒಂದು ನೋಟಕ್ಕೆ 300 ರೂಪಾಯಿ.

300 × 4 = 1,200

ಎದೆಗೆ ಸಾಮಾನ್ಯವಾಗಿ ಒಂದೇ ನೋಟ ಸಾಕು. ನಿಂತುಕೊಂಡು ಎದೆಯನ್ನು ಹಲಗೆಗೆ ಒತ್ತಿ ಹಿಡಿಯಬೇಕು. ಕಿರಣ ಬೆನ್ನಿನ ಕಡೆಯಿಂದ ಬರುತ್ತದೆ. ಅದೇ ಪೇಟೆಯ ಖಾಸಗಿ ಸೆಂಟರಿನಲ್ಲಿ ಎದೆಯ ಒಂದು ನೋಟಕ್ಕೆ 400 ರೂಪಾಯಿ ಎಂದು ಬೋರ್ಡಿನಲ್ಲಿ ಬರೆದಿತ್ತು. ಅಕ್ಕ ಹೆದರಿದ್ದು 1,200ಕ್ಕೆ. ಇದ್ದದ್ದು 400.

ಎಲ್ಲ ಊರಿನಲ್ಲೂ 400 ಇರುವುದಿಲ್ಲ. ಹಳ್ಳಿ ಪೇಟೆಗೂ ದೊಡ್ಡ ನಗರಕ್ಕೂ ದರ ಬೇರೆ. ಸಣ್ಣ ಸೆಂಟರಿಗೂ ದೊಡ್ಡ ಆಸ್ಪತ್ರೆಗೂ ಬೇರೆ. ಎಷ್ಟು ನೋಟ, ಮೈಯ ಯಾವ ಭಾಗ, ಬರೆದ ವರದಿ ಸೇರಿದೆಯೋ ಇಲ್ಲವೋ, ಇದರ ಮೇಲೂ ದರ ಬದಲಾಗುತ್ತದೆ. ರಾತ್ರಿ ಹೊತ್ತು ತೆಗೆಸಿದರೆ ಕೆಲವರು ಹೆಚ್ಚು ಕೇಳುತ್ತಾರೆ. ಅದಕ್ಕೇ ಮೊದಲೇ ಕೇಳಬೇಕು.

ಸೊಪ್ಪು ಕೊಳ್ಳುವಾಗ ನಾವು ನಾಲ್ಕು ಕಡೆ ವಿಚಾರಿಸುತ್ತೇವೆ. ಕಟ್ಟು ಬಿಚ್ಚಿ ನೋಡುತ್ತೇವೆ. ಸಾವಿರ ರೂಪಾಯಿಯ ಎಕ್ಸ್-ರೇಗೆ ಬಾಯಿ ಮುಚ್ಚಿಕೊಂಡು ದುಡ್ಡು ಎಣಿಸುತ್ತೇವೆ. ಇದು ಯಾವ ನ್ಯಾಯ?

ಸರ್ಕಾರಿ ಆಸ್ಪತ್ರೆಯಲ್ಲಿ ಹೇಗೆ?

ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ಎಕ್ಸ್-ರೇ ಯಂತ್ರ ಇರುವುದಿಲ್ಲ. ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಇರುತ್ತದೆ. ಬಡವರಿಗೆ ಪರೀಕ್ಷೆಗಳು ಹೊರೆಯಾಗಬಾರದು ಎಂದು 2015ರಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಉಚಿತ ಪರೀಕ್ಷೆಗಳ ಯೋಜನೆ ಬಂತು.

ಕೆಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ವಲ್ಪ ಶುಲ್ಕ ಇರುತ್ತದೆ. ಅದು ಖಾಸಗಿಗಿಂತ ಬಹಳ ಕಡಿಮೆ. ಬಿಪಿಎಲ್ ಕಾರ್ಡು ತೋರಿಸಿದರೆ ವಿನಾಯಿತಿ ಇದೆಯೇ ಎಂದು ಚೀಟಿ ಕೊಡುವ ಕೌಂಟರಿನಲ್ಲಿ ಕೇಳಿ. ದುಡ್ಡು ಕಟ್ಟಿದರೆ ರಸೀದಿ ಕೊಡಲೇಬೇಕು. ರಸೀದಿ ಇಲ್ಲದೆ ಯಾರ ಕೈಗೂ ದುಡ್ಡು ಕೊಡಬೇಡಿ. ಆಸ್ಪತ್ರೆಗೆ ಹೊರಡುವಾಗ ಪಡಿತರ ಚೀಟಿ, ಆಧಾರ್ ಕಾರ್ಡು ಇಟ್ಟುಕೊಂಡು ಹೋಗಿ.

ಒಂದು ಮಾತು ಮಾತ್ರ ಚೆನ್ನಾಗಿ ನೆನಪಿಡಿ. ಎರಡು ವಾರಕ್ಕಿಂತ ಹೆಚ್ಚು ದಿನ ಕೆಮ್ಮು ಇದ್ದರೆ ಅದು ಕ್ಷಯ ಇರಬಹುದು. ಕ್ಷಯದ ಅನುಮಾನ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಎದೆಯ ಎಕ್ಸ್-ರೇ ಉಚಿತ. ಕ್ಷಯ ಇದ್ದರೆ ಔಷಧಿಯೂ ಉಚಿತ. ಇದಕ್ಕೆ ಕಾರ್ಡು ಯಾವ ಬಣ್ಣದ್ದು ಎಂದು ನೋಡುವುದಿಲ್ಲ. ಎಲ್ಲರಿಗೂ ಉಚಿತ.

ತುಮಕೂರಿನ ಹಳ್ಳಿಗಳು ಹೇಳಿದ ಪಾಠ

ಕೆಮ್ಮಿನ ಚೀಟಿ ಅಕ್ಕಿ ಡಬ್ಬ ಸೇರಿದ್ದು ಇವತ್ತಿನ ಕತೆ. ಇದರ ಹಿಂದೆ ಒಂದು ಹಳೆಯ ಕತೆಯೂ ಇದೆ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿಯ ಡಾಕ್ಟರುಗಳು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋದರು. ಕ್ಷಯ ಇದ್ದವರನ್ನು ಹುಡುಕಿ ಮಾತನಾಡಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಎಂದು ಆಗ ಬಹಳ ಜನ ತಿಳಿದಿದ್ದರು.

ಆದರೆ ಕಂಡದ್ದೇ ಬೇರೆ. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮಗೆ ಕಾಯಿಲೆ ಇದೆ ಎಂದು ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ! ಸರಿಯಾದ ಪರೀಕ್ಷೆ ಸಿಕ್ಕಿರಲಿಲ್ಲ. ಈ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ತಪ್ಪು ಹಳ್ಳಿಯವರದಲ್ಲ ಎಂದು ದೇಶಕ್ಕೆ ತಿಳಿಯಿತು.

ಹಳ್ಳಿ ಹಳ್ಳಿಗೂ ಎಕ್ಸ್-ರೇ ಯಂತ್ರ ಇಡುವುದು ಆಗದ ಮಾತು. ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಕಡಿಮೆ ಖರ್ಚಿನ ದಾರಿ. ರೋಗಾಣು ಅಲ್ಲಿ ಕಣ್ಣಿಗೇ ಕಾಣುತ್ತದೆ. ಆದ್ದರಿಂದ 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದಲ್ಲಿ ಕಫ ಪರೀಕ್ಷೆಗೆ ದೊಡ್ಡ ಜಾಗ ಸಿಕ್ಕಿತು.

ಇದರಿಂದ ನಾವು ಕಲಿಯಬೇಕಾದ್ದು ಏನು? ಎಕ್ಸ್-ರೇ ಒಂದರಿಂದಲೇ ಎಲ್ಲ ತೀರ್ಮಾನವಾಗುವುದಿಲ್ಲ. ಎಕ್ಸ್-ರೇ ಅನುಮಾನ ಹೇಳುತ್ತದೆ. ಕಫ ಪರೀಕ್ಷೆ ಅದನ್ನು ಖಚಿತ ಮಾಡುತ್ತದೆ. ಕೆಮ್ಮಿಗೆ ಬರೀ ಬಾಟಲಿ ಕೊಟ್ಟು ಕಳಿಸಿದರೆ "ನನ್ನ ಕಫ ಪರೀಕ್ಷೆ ಮಾಡಿಸಿ" ಎಂದು ಕೇಳಿ. ಕೇಳುವುದು ನಮ್ಮ ಹಕ್ಕು.

ಖಾಸಗಿಗೆ ಹೋದರೆ ಏನು ಮಾಡಬೇಕು?

ಕೆಲವು ಸಲ ಸರ್ಕಾರಿ ಆಸ್ಪತ್ರೆಯ ಯಂತ್ರ ಕೆಟ್ಟಿರುತ್ತದೆ. ಆಗ ಖಾಸಗಿಗೆ ಹೋಗಬೇಕಾಗುತ್ತದೆ. ಹೋಗಿ. ಆದರೆ ಕಣ್ಣು ತೆರೆದುಕೊಂಡು ಹೋಗಿ. ಈಗ ನಿಮಗೆ ಓದಲು ಬರುತ್ತದೆ.

ಒಳಗೆ ಹೋದ ಕೂಡಲೇ ಗೋಡೆ ನೋಡಿ. ದರಪಟ್ಟಿ ಎಲ್ಲಿದೆ ಎಂದು ಹುಡುಕಿ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳಿಗೆ, ಲ್ಯಾಬುಗಳಿಗೆ 2007ರ ಒಂದು ಕಾಯಿದೆ ಇದೆ. ಯಾವುದಕ್ಕೆ ಎಷ್ಟು ದರ ಎಂದು ಜನರಿಗೆ ಕಾಣುವಂತೆ ಹಾಕಬೇಕು ಎಂದು ಆ ಕಾಯಿದೆ ಹೇಳುತ್ತದೆ. ಬೋರ್ಡು ಕಾಣದಿದ್ದರೆ "ದರಪಟ್ಟಿ ಎಲ್ಲಿದೆ ಸಾರ್?" ಎಂದು ಕೇಳಿ. ಇಂಗ್ಲಿಷಿನಲ್ಲಿದ್ದರೆ "ಓದಿ ಹೇಳಿ" ಅನ್ನಿ. ಅಂಕಿ ಮಾತ್ರ ನೀವೇ ಓದಿ.

ದುಡ್ಡು ಕೊಡುವ ಮುಂಚೆ ಇಷ್ಟು ಕೇಳಿ:

ಎಷ್ಟು ನೋಟ ತೆಗೆಯುತ್ತೀರಿ?
ಒಟ್ಟು ಎಷ್ಟಾಗುತ್ತದೆ?
ಅದರಲ್ಲಿ ಫಿಲ್ಮು, ವರದಿ ಎರಡೂ ಸೇರಿದೆಯೇ?

ಆಮೇಲೆ ಬಿಲ್ಲು ಕೇಳಿ. ಬಿಲ್ಲಿನಲ್ಲಿ ನಿಮ್ಮ ಹೆಸರು, ತಾರೀಕು, ಯಾವ ಭಾಗದ ಫೋಟೋ, ಎಷ್ಟು ದುಡ್ಡು, ಇಷ್ಟೂ ಇದೆಯೇ ನೋಡಿ. ಕಾಯಿಲೆಗೆ ಮಾಡಿಸುವ ಎಕ್ಸ್-ರೇಗೆ ಜಿಎಸ್‌ಟಿ ತೆರಿಗೆ ಇಲ್ಲ. ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದ್ದರೆ ಯಾಕೆ ಎಂದು ಕೇಳಿ.

ಕೆಲವರು "ಇದೇ ಸೆಂಟರಿಗೆ ಹೋಗಿ, ಬೇರೆ ಕಡೆ ಬೇಡ" ಅನ್ನುತ್ತಾರೆ. ರೋಗಿಯನ್ನು ಕಳಿಸಿದ್ದಕ್ಕೆ ಡಾಕ್ಟರು ಕಮಿಷನ್ ಪಡೆಯಬಾರದು. 2002ರ ವೈದ್ಯರ ನಡತೆಯ ನಿಯಮದಲ್ಲಿ ಹೀಗೆಂದು ಬರೆದಿದೆ. ರಾಷ್ಟ್ರೀಯ ಮಾನವ ಹಕ್ಕು ಆಯೋಗ 2018ರಲ್ಲಿ ರೋಗಿಗಳ ಹಕ್ಕುಗಳ ಪಟ್ಟಿ ಮಾಡಿತು. ಪರೀಕ್ಷೆಯನ್ನು ಎಲ್ಲಿ ಮಾಡಿಸಬೇಕು ಎಂದು ಆರಿಸುವ ಹಕ್ಕು ರೋಗಿಯದು ಎಂದು ಅದರಲ್ಲಿದೆ. ದರ ತಿಳಿಯುವ ಹಕ್ಕೂ ಇದೆ. ವರದಿ ಪಡೆಯುವ ಹಕ್ಕೂ ಇದೆ.

ಮೋಸವಾಯಿತು ಅನ್ನಿಸಿದರೆ ಬಿಲ್ಲು ಹಿಡಿದುಕೊಂಡು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ದೂರು ಕೊಡಬಹುದು. ಗ್ರಾಹಕರ ಸಹಾಯವಾಣಿಯೂ ಇದೆ. ಅದರ ನಂಬರು 1915. ದುಡ್ಡು ಕೊಟ್ಟು ಪಡೆಯುವ ಚಿಕಿತ್ಸೆ ಗ್ರಾಹಕರ ಕಾಯಿದೆಯೊಳಗೆ ಬರುತ್ತದೆ ಎಂದು 1995ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಬಿಲ್ಲು ಇಲ್ಲದಿದ್ದರೆ ದೂರಿಗೆ ಬಲ ಕಡಿಮೆ. ಅತ್ತೆಯ ಮಂಡಿಯ ವಿಷಯದಲ್ಲಿ ಆದದ್ದು ಅದೇ.

ಒಂದೇ ಸಲಕ್ಕೆ ಫೋಟೋ ಚೆನ್ನಾಗಿ ಬರಲಿ

ಫೋಟೋ ಕೆಟ್ಟರೆ ಮತ್ತೆ ತೆಗೆಯಬೇಕು. ಅದಕ್ಕೆ ನಮ್ಮ ಕಡೆಯಿಂದಲೂ ಎಚ್ಚರ ಬೇಕು.

ಎದೆಯ ಫೋಟೋಗೆ ಮುಂಚೆ ಕೊರಳಿನ ಸರ, ತಾಳಿ, ಪಿನ್ನು ತೆಗೆಯಬೇಕು. ರಾಂಟ್‌ಜನ್ ಹೆಂಡತಿಯ ಉಂಗುರ ಫೋಟೋದಲ್ಲಿ ಕಂಡಿತಲ್ಲ, ಹಾಗೇ ತಾಳಿಯೂ ಬೆಳ್ಳಗೆ ಕಾಣುತ್ತದೆ. ಅದರ ಹಿಂದೆ ಇರುವ ಮಚ್ಚೆ ಮುಚ್ಚಿಹೋಗಬಹುದು. ತಾಳಿ ತೆಗೆಯಲು ಕೆಲವರಿಗೆ ಮನಸ್ಸು ಒಪ್ಪುವುದಿಲ್ಲ. ಎರಡು ನಿಮಿಷದ ಮಾತು. ಜೊತೆಗೆ ಬಂದವರ ಕೈಯಲ್ಲಿ ಕೊಡಿ, ಹೊರಗೆ ಬಂದ ಕೂಡಲೇ ಹಾಕಿಕೊಳ್ಳಿ. ಉದ್ದ ಜಡೆ ಇದ್ದರೆ ಮೇಲಕ್ಕೆ ಎತ್ತಿ ಕಟ್ಟಿ. "ಉಸಿರು ಎಳೆದು ಹಿಡಿಯಮ್ಮ" ಅಂದಾಗ ಹಿಡಿಯಿರಿ. ಅಲುಗಾಡಬೇಡಿ. ಕ್ಷಣದಲ್ಲಿ ಮುಗಿಯುತ್ತದೆ. ನೋವು ಇಲ್ಲ.

ಇಷ್ಟು ಮಾಡಿಯೂ ಅವರ ತಪ್ಪಿನಿಂದ ಫೋಟೋ ಕೆಟ್ಟರೆ, ಎರಡನೆಯ ಸಲಕ್ಕೆ ದುಡ್ಡು ಕೇಳುವುದು ನ್ಯಾಯವಲ್ಲ. ಹಾಗೆಂದು ನಿಧಾನವಾಗಿ, ಗಟ್ಟಿಯಾಗಿ ಹೇಳಿ.

ಬಸುರಿಯರಿಗೆ ಒಂದು ಎಚ್ಚರಿಕೆ. ಹೊಟ್ಟೆಯಲ್ಲಿ ಮಗು ಇದ್ದರೆ, ಇಲ್ಲವೇ ಮುಟ್ಟು ತಪ್ಪಿದ್ದರೆ ಮೊದಲೇ ಹೇಳಿ. ನಾಚಿಕೆ ಬೇಡ. ಎಕ್ಸ್-ರೇ ಬೇಕೇ ಬೇಡವೇ ಎಂದು ಡಾಕ್ಟರು ಯೋಚಿಸುತ್ತಾರೆ. ತೀರಾ ಬೇಕಾದರೆ ಹೊಟ್ಟೆಗೆ ರಕ್ಷಣೆ ಕೊಟ್ಟು ತೆಗೆಯುತ್ತಾರೆ. ಉಳಿದವರಿಗೆ ಎದೆಯ ಒಂದು ಎಕ್ಸ್-ರೇಯಿಂದ ಹೆದರಬೇಕಾದಷ್ಟು ಅಪಾಯ ಇಲ್ಲ. ಆದರೆ ಸುಮ್ಮಸುಮ್ಮನೆ ಮತ್ತೆ ಮತ್ತೆ ತೆಗೆಸಬಾರದು.

ಫೋಟೋ ನಿಮ್ಮದು, ಜೋಪಾನ

ದುಡ್ಡು ಕೊಟ್ಟು ತೆಗೆಸಿದ ಫೋಟೋ, ಅದರ ವರದಿ ನಿಮ್ಮವು. ಬಿಟ್ಟು ಬರಬೇಡಿ. ಮನೆಯಲ್ಲಿ ಹೊಲದ ಪಹಣಿ, ಪಡಿತರ ಚೀಟಿ ಇಡುತ್ತೀರಲ್ಲ, ಅದೇ ಪೆಟ್ಟಿಗೆಯಲ್ಲಿ ಇಡಿ. ಮಡಿಸಬೇಡಿ. ಬಿಸಿಲಿಗೆ, ನೀರಿಗೆ, ಒಲೆಯ ಹೊಗೆಗೆ ಇಡಬೇಡಿ. ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ. ಕವರಿನ ಮೇಲೆ ನಿಮ್ಮ ಕೈಯಿಂದಲೇ ಹೆಸರು, ತಾರೀಕು ಬರೆಯಿರಿ.

ಮುಂದಿನ ಸಲ ಡಾಕ್ಟರಿಗೆ ಅದನ್ನು ತೋರಿಸಿ. ಹಳೆಯದು, ಹೊಸದು ಎರಡನ್ನೂ ಹೋಲಿಸಿ ನೋಡಿದರೆ ಕಾಯಿಲೆ ಹೆಚ್ಚಾಗಿದೆಯೇ, ಕಡಿಮೆಯಾಗಿದೆಯೇ ತಿಳಿಯುತ್ತದೆ. ಹಳೆಯದೇ ಸಾಕು ಅಂದರೆ ದುಡ್ಡೂ ಉಳಿಯಿತು.

ಅಕ್ಕನ ಲೆಕ್ಕ

ಈಗ ಅಕ್ಕನ ಕತೆಗೆ ಬರೋಣ. ಕೇಂದ್ರದಲ್ಲಿ ಮಾತಾಡಿದ ಮರುದಿನವೇ ಅವರು ಆಶಾ ಕಾರ್ಯಕರ್ತೆಯ ಜೊತೆ ತಾಲ್ಲೂಕು ಆಸ್ಪತ್ರೆಗೆ ಹೋದರು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಎಕ್ಸ್-ರೇ ತೆಗೆದರು. ದುಡ್ಡು ಕೇಳಲಿಲ್ಲ. ಕಫ ಕೊಟ್ಟು ಬಂದರು. ಎರಡು ದಿನ ಬಿಟ್ಟು ಮತ್ತೆ ಹೋದರು. ಕ್ಷಯ ಇತ್ತು.

ಆ ವಾರ ಕೇಂದ್ರದಲ್ಲಿ ಅಕ್ಕ ಪಾಟಿ ಹಿಡಿದು ತಾವೇ ಲೆಕ್ಕ ಬರೆದರು.

ಎಕ್ಸ್-ರೇ ತೆಗೆಸದೆ ಕಳೆದ ಏಳು ವಾರಗಳ ಖರ್ಚು:

ಸಿರಪ್, 3 ಬಾಟಲಿ: 330
ಕ್ಲಿನಿಕ್ಕಿನ ಫೀಸು, 2 ಸಲ: 400
ಮಾತ್ರೆ, ಇಂಜೆಕ್ಷನ್: 570
ಕೂಲಿ ತಪ್ಪಿದ್ದು, 10 ದಿನ: 3,500
ಒಟ್ಟು: 4,800 ರೂಪಾಯಿ

ಆಸ್ಪತ್ರೆಗೆ ಎರಡು ಸಲ ಹೋದ ಖರ್ಚು:

ಹೆಸರು ಬರೆಸುವ ಚೀಟಿ: 10
ಊಟ, ಟೀ, 2 ದಿನ: 120
ಕೂಲಿ ತಪ್ಪಿದ್ದು, 2 ದಿನ: 700
ಒಟ್ಟು: 830 ರೂಪಾಯಿ

ಖಾಸಗಿಯಲ್ಲಿ 400 ಕೊಟ್ಟು ಎಕ್ಸ್-ರೇ ತೆಗೆಸಿದ್ದರೂ 1,230 ಆಗುತ್ತಿತ್ತು.

ಅಕ್ಕ ಲೆಕ್ಕ ನೋಡಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ದುಡ್ಡು ಉಳಿಸೋಣ ಅಂತ ಚೀಟಿ ಬಚ್ಚಿಟ್ಟೆ. ದುಡ್ಡೂ ಹೋಯ್ತು. ದುಡ್ಡು ಹೋಗ್ಲಿ ಬಿಡಿ. ಏಳು ವಾರ ಮಗಳ ಮಗುನ ಮಗ್ಗುಲಲ್ಲೇ ಮಲಗಿಸ್ಕೊಂಡಿದ್ನಲ್ಲ" ಅಂದರು.

ಆ ಲೆಕ್ಕ ಪಾಟಿಯಲ್ಲಿ ಬರೆಯುವಂಥದ್ದಲ್ಲ. ಕ್ಷಯ ಗಾಳಿಯಿಂದ ಹರಡುತ್ತದೆ. ಕೆಮ್ಮಿದಾಗ, ಸೀನಿದಾಗ ರೋಗಾಣು ಗಾಳಿಗೆ ಸೇರುತ್ತದೆ. ಆಸ್ಪತ್ರೆಯವರು ಮನೆಯ ಎಲ್ಲರನ್ನೂ ಪರೀಕ್ಷೆ ಮಾಡಿದರು. ಅತ್ತೆಗೆ ಇರಲಿಲ್ಲ. ಮಗುವಿಗೂ ಇರಲಿಲ್ಲ. ಮಗುವಿಗೆ ರೋಗ ಬರದಂತೆ ಮುಂಜಾಗ್ರತೆಯ ಔಷಧಿ ಕೊಟ್ಟರು.

ಅಕ್ಕನಿಗೆ ಆರು ತಿಂಗಳ ಔಷಧಿ. ಎಲ್ಲವೂ ಉಚಿತ. ಒಳ್ಳೆಯ ಊಟಕ್ಕೆಂದು ಸರ್ಕಾರ ಕ್ಷಯ ರೋಗಿಗಳ ಬ್ಯಾಂಕ್ ಖಾತೆಗೆ ಹಣ ಹಾಕುತ್ತದೆ. 2018ರಲ್ಲಿ ಇದು ತಿಂಗಳಿಗೆ 500 ರೂಪಾಯಿ ಇತ್ತು. 2024ರ ನವೆಂಬರಿನಿಂದ 1,000 ರೂಪಾಯಿ. ಅಕ್ಕ ಆ ದುಡ್ಡಿನಲ್ಲಿ ಮೊಟ್ಟೆ, ಬೇಳೆ, ಹಾಲು ತಂದರು. ಎರಡು ತಿಂಗಳಿಗೆ ಕೆಮ್ಮು ನಿಂತಿತು. ಆದರೂ ಮಾತ್ರೆ ಬಿಡಲಿಲ್ಲ. ಆರು ತಿಂಗಳು ಪೂರ್ತಿ ನುಂಗಿದರು.

ಈಗ ಅವರ ಎದೆಯ ಫೋಟೋ ಪೆಟ್ಟಿಗೆಯಲ್ಲಿದೆ. ಕವರಿನ ಮೇಲೆ ಅವರ ಹೆಸರು ಇದೆ. ಅಕ್ಷರ ಸ್ವಲ್ಪ ಸೊಟ್ಟ. ಆದರೆ ಅವರದೇ ಕೈಬರಹ. ಸಂಘದಲ್ಲಿ ಯಾರಾದರೂ ಕೆಮ್ಮಿದರೆ ಅಕ್ಕ ಸುಮ್ಮನಿರುವುದಿಲ್ಲ.

"ಡಾಕ್ಟರು ಫೋಟೋ ಓದ್ತಾರೆ. ನಾವು ಬೋರ್ಡು ಓದೋಣ, ಬಿಲ್ಲು ಓದೋಣ. ಏಳಿ, ನಾನೂ ಬರ್ತೀನಿ" ಅನ್ನುತ್ತಾರೆ.

ನೆನಪಿಡಿ

1. ಎರಡು ವಾರ ದಾಟಿದ ಕೆಮ್ಮನ್ನು ಕಡೆಗಣಿಸಬೇಡಿ. ಸರ್ಕಾರಿ ಆಸ್ಪತ್ರೆಗೆ ಹೋಗಿ.
2. ಡಾಕ್ಟರು ಕೊಟ್ಟ ಚೀಟಿಯನ್ನು ಬಚ್ಚಿಡಬೇಡಿ. ಎಷ್ಟಾಗುತ್ತದೆ ಎಂದು ಕೇಳಿ.
3. ಎಷ್ಟು ನೋಟ, ಎಷ್ಟು ದರ ಎಂದು ಮೊದಲೇ ತಿಳಿಯಿರಿ.
4. ದರದ ಬೋರ್ಡು ಓದಿ. ಬಿಲ್ಲು ಪಡೆಯಿರಿ.
5. ಬಸುರಿಯಾಗಿದ್ದರೆ ಎಕ್ಸ್-ರೇಗೆ ಮುಂಚೆ ಹೇಳಿ.
6. ಫೋಟೋ, ವರದಿ, ಬಿಲ್ಲು ಮೂರನ್ನೂ ಜೋಪಾನವಾಗಿ ಇಡಿ.

ಕೂತು ಮಾತಾಡಿ

1. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್-ರೇ ಯಾವ ದಿನ, ಯಾವ ಹೊತ್ತಿನಲ್ಲಿ ತೆಗೆಯುತ್ತಾರೆ? ಆಶಾ ಕಾರ್ಯಕರ್ತೆಯನ್ನು ಕೇಳಿ ಬರೆಯಿರಿ.
2. ಒಂದು ನೋಟಕ್ಕೆ 350 ರೂಪಾಯಿ. ಒಂದು ಕೈಗೆ ಎರಡು ನೋಟ ತೆಗೆದರು. ಬಿಲ್ಲು ಎಷ್ಟಾಗಬೇಕು? 1,050 ಎಂದು ಬರೆದಿದ್ದರೆ ನೀವು ಏನು ಕೇಳುತ್ತೀರಿ?
3. ನಿಮ್ಮ ಮನೆಯಲ್ಲಿ ಹಳೆಯ ಎಕ್ಸ್-ರೇ ಇದೆಯೇ? ಹುಡುಕಿ ತನ್ನಿ. ಕವರಿನ ಮೇಲೆ ಹೆಸರು, ತಾರೀಕು ಬರೆಯಿರಿ.